ಮನೆ, ಮಗ್ಗ, ಖಾತೆ: ಸಂಶೋಧಕರು ಓದಿದ ಬೆಂಗಳೂರು

ಬೆಂಗಳೂರಿನ ವಸತಿ ಸಮಸ್ಯೆಯ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಕಥೆಯಿದೆ. ಒಂದು ಕಾಲಕ್ಕೆ ಇದು ತಂಪಾದ, ಅಚ್ಚುಕಟ್ಟಾದ ಊರಾಗಿತ್ತು. ಹೊರಗಿನಿಂದ ಬಡವರು ಬಂದು ಸೇರಿದರು, ಸಿಕ್ಕ ಸಿಕ್ಕಲ್ಲಿ ಗುಡಿಸಲು ಹಾಕಿದರು, ಕೆರೆ ಒತ್ತಿದರು, ಊರು ಕೆಟ್ಟಿತು. ಈ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ ಅದು ನಿಜವೇ ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಆದರೆ 1950ರ ದಶಕದಿಂದೀಚೆಗೆ ಸಮಾಜಶಾಸ್ತ್ರಜ್ಞರು, ಭೂಗೋಳ ತಜ್ಞರು ಮತ್ತು ಇತಿಹಾಸಕಾರರು ಈ ನಗರದ ಮನೆ, ದುಡಿಮೆ, ಆಡಳಿತಗಳ ಬಗ್ಗೆ ನಡೆಸಿದ ಅಧ್ಯಯನಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದು, ವಿಶ್ವವಿದ್ಯಾಲಯಗಳ ಗ್ರಂಥಾಲಯದ ಕಪಾಟುಗಳಲ್ಲಿ ಉಳಿದಿವೆ. ಅವುಗಳ ಒಟ್ಟು ಸಾರವನ್ನು ಕನ್ನಡದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸಾರ ಇಷ್ಟೇ: ಈ ನಗರದಲ್ಲಿ ದುಡಿಯುವವರ ಮನೆ ಎಂದೂ ಬರೀ ಮಲಗುವ ಜಾಗವಾಗಿರಲಿಲ್ಲ, ಅದು ಸಂಪಾದನೆಯ ಜಾಗವೂ ಆಗಿತ್ತು. ಆಡಳಿತ ಈ ಎರಡನ್ನೂ ಬೇರ್ಪಡಿಸಲು ಹೊರಟಾಗಲೆಲ್ಲ ದುಡಿಯುವವರು ಕಾಗದದಲ್ಲಿ ಅಕ್ರಮವಾಸಿಗಳಾದರು.

ಪೇಟೆಯ ಮನೆಗಳು

1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಪೇಟೆಯ ಬೀದಿಗಳ ಹೆಸರುಗಳನ್ನೇ ನೋಡೋಣ. ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಬಳೇಪೇಟೆ, ನಗರ್ತಪೇಟೆ. ಕಸುಬಿನಿಂದ, ಕಸುಬುದಾರರಿಂದ ಬಂದ ಹೆಸರುಗಳು ಇವು. ಬೀದಿಗೆ ಅಂಗಡಿ, ಹಿಂದೆ ಮನೆ, ನಡುಮನೆಯಲ್ಲಿ ಮಗ್ಗ, ಹಿತ್ತಿಲಲ್ಲಿ ಬಣ್ಣದ ಹಂಡೆ ಎಂಬ ಕ್ರಮ ಅಲ್ಲಿನದು. ಟಿಪ್ಪು ಸುಲ್ತಾನರು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ದೇವಾಂಗ, ಪಟ್ಟೆಗಾರ ಮೊದಲಾದ ನೇಕಾರ ಸಮುದಾಯಗಳನ್ನೂ ಎತ್ತುಗಳ ಮೇಲೆ ಹೇರಿ ತರುತ್ತಿದ್ದ ಹತ್ತಿ, ಅಡಿಕೆಯ ವ್ಯಾಪಾರವನ್ನೂ ವಿವರವಾಗಿ ದಾಖಲಿಸಿದ್ದಾನೆ. ಯುದ್ಧಗಳಿಂದ ಬಳಲಿದ್ದ ಊರು ಮತ್ತೆ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಆ ಚೇತರಿಕೆಯ ಬಲ ಈ ಮನೆಗಳ ಒಳಗೇ ಇತ್ತು.

ಪೇಟೆಯಲ್ಲಿ ಬೇರೆ ಬೇರೆ ಸಮುದಾಯಗಳು ಬೇರೆ ಬೇರೆ ಬೀದಿಗಳಲ್ಲಿದ್ದರೂ ವ್ಯವಹಾರ ಅವರನ್ನು ಕೂಡಿಸಿತ್ತು. ಬೆಂಗಳೂರು ಕರಗ ಇಂದಿಗೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಸ್ಮೃತಿ ಶ್ರೀನಿವಾಸ್ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕರಗದ ಹಾದಿಯನ್ನು ನಗರದ ನೆನಪಿನ ನಕ್ಷೆಯಾಗಿ ಓದುತ್ತಾರೆ. ಹಳೆಯ ಕೆರೆ, ತೋಟ, ಪೇಟೆಗಳು ಮರೆಯಾದರೂ ಮೆರವಣಿಗೆಯ ಹಾದಿ ಅವನ್ನು ನೆನಪಿಟ್ಟುಕೊಂಡಿದೆ. ಅದಕ್ಕೂ ಮೊದಲು, 1970ರಲ್ಲಿ, ಎಂ. ಫಜ್ಲುಲ್ ಹಸನ್ ಅವರು ಬೆಂಗಳೂರಿನ ಶತಮಾನಗಳ ಚರಿತ್ರೆಯನ್ನು ಒಂದೇ ಗ್ರಂಥದಲ್ಲಿ ಕೊಟ್ಟರು. ಆ ಹೆಸರನ್ನು ನಮ್ಮ ಹೊಸ ತಲೆಮಾರು ತಿಳಿದಿರಬೇಕು.

ಪ್ಲೇಗು ಎಳೆದ ಗೆರೆ

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಬಂದು ಇಲ್ಲಿ ನೆಲೆಸಿದ ಮೇಲೆ ಬೆಂಗಳೂರು ಎರಡಾಯಿತು. ಒಂದು ಕಡೆ ಮೈಸೂರು ಸಂಸ್ಥಾನದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆಗಳು ಬಂದವು. 1901ರ ಗಣತಿಯಲ್ಲಿ ಪೇಟೆಯ ಕಡೆ 69,447 ಮತ್ತು ದಂಡಿನ ಕಡೆ 89,599 ಜನರಿದ್ದರು. ದಂಡು ಎಂದರೆ ಬಂಗಲೆಗಳು ಮಾತ್ರ ಎಂದು ಭಾವಿಸಬಾರದು. ಆ ಬಂಗಲೆಗಳಿಗೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಮಾಂಸ, ತರಕಾರಿ, ಚರ್ಮ ಒದಗಿಸುವವರು ಬ್ಲ್ಯಾಕ್‌ಪಲ್ಲಿಯ ಇಕ್ಕಟ್ಟಿನಲ್ಲಿದ್ದರು. ತಮಿಳು, ಉರ್ದು, ತೆಲುಗು, ಕನ್ನಡ ಬೆರೆತ ಆ ಪ್ರದೇಶವೇ ಮುಂದೆ ಶಿವಾಜಿನಗರವಾಯಿತು.

1898ರ ಆಗಸ್ಟಿನಲ್ಲಿ ಪ್ಲೇಗು ಬಂತು. ಜನ ಊರು ಬಿಟ್ಟು ಓಡಿದರು. ಅಧಿಕಾರಿಗಳು ಮನೆಗಳನ್ನು ತಪಾಸಣೆ ಮಾಡಿದರು, ಹಲವನ್ನು ಕೆಡವಿದರು. ಬೀದಿ ಬೀದಿಗಳಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದವು. ರೋಗಕ್ಕೆ ಕಾರಣ ಬಡವರ ಇಕ್ಕಟ್ಟಾದ ಮನೆಗಳು ಎಂಬ ತೀರ್ಮಾನಕ್ಕೆ ಆಡಳಿತ ಬಂತು. 1890ರ ದಶಕದಲ್ಲಿ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳು ಪ್ಲೇಗಿನ ಭಯದಿಂದಾಗಿ ಬೇಗ ತುಂಬಿದವು. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ಅಲ್ಲಿನ ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲಿ ನುಸುಳದಂತಹ ಮನೆಯ ವಿನ್ಯಾಸ ಮಾಡಿ, ಪ್ಲೇಗು ತಡೆಯುವ ನಗರ ಯೋಜನೆಯ ಬಗ್ಗೆ 1914ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಈ ಬಡಾವಣೆಗಳು ಆರೋಗ್ಯಕರವಾಗಿದ್ದವು, ಸುಂದರವಾಗಿದ್ದವು, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಯ ಬಗ್ಗೆ ಒಂದು ಹೊಸ ಕಲ್ಪನೆಯೂ ಅವುಗಳೊಂದಿಗೆ ಬಂತು. ಮನೆ ವಾಸಕ್ಕೆ ಮಾತ್ರ, ಮಗ್ಗ, ಗಾಣ, ಕುಲುಮೆಗಳು ಬೇರೆಲ್ಲೋ ಇರಬೇಕು. ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದನ್ನೂ ಇತಿಹಾಸಕಾರರು ಗುರುತಿಸಿದ್ದಾರೆ. ಸಂಬಳ ತರುವ ಗುಮಾಸ್ತ, ವಕೀಲ, ಉಪಾಧ್ಯಾಯರಿಗೆ ಈ ಮನೆ ಹೊಂದಿತು. ಮನೆಯಲ್ಲೇ ದುಡಿದು ಉಣ್ಣುವ ನೇಕಾರ, ಬಣ್ಣಗಾರ, ಬೀಡಿ ಕಟ್ಟುವ ಹೆಂಗಸಿಗೆ ಅಲ್ಲಿ ಜಾಗವಿರಲಿಲ್ಲ. ಅವರು ಹಳೆಯ ಪೇಟೆಯಲ್ಲೇ ಉಳಿದರು, ಇಲ್ಲವೇ ಬಡಾವಣೆಗಳ ಅಂಚಿಗೆ ಸರಿದರು.

ಮೊದಲ ಅಧ್ಯಯನಗಳು

1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆಯಾಯಿತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರಲ್ಲಿ 8 ಲಕ್ಷದ ಹತ್ತಿರಕ್ಕೆ ಬಂದಿತ್ತು. ವಿದ್ವಾಂಸರ ಗಮನ ನಗರದ ಕಡೆ ತಿರುಗಿದ್ದು ಆಗಲೇ. 1957ರಲ್ಲಿ ಎರಡು ಅಧ್ಯಯನಗಳು ಹೊರಬಂದವು. ಒಂದು ಮುಂಬಯಿ ವಿಶ್ವವಿದ್ಯಾಲಯ ಪ್ರಕಟಿಸಿದ ಕೆ.ಎನ್. ವೆಂಕಟರಾಯಪ್ಪನವರ ಸಾಮಾಜಿಕ ಅಧ್ಯಯನ. ಇನ್ನೊಂದು ಅಮೆರಿಕದ ಸಮಾಜಶಾಸ್ತ್ರಜ್ಞ ನೋಯೆಲ್ ಗಿಸ್ಟ್ ಬರೆದ ಪ್ರಬಂಧ. ಪಶ್ಚಿಮದ ನಗರಗಳನ್ನು ನೋಡಿ ಕಟ್ಟಿದ ಸಿದ್ಧಾಂತ ಬೆಂಗಳೂರಿಗೆ ಹಾಗೆಯೇ ಹೊಂದುವುದಿಲ್ಲ ಎಂಬುದನ್ನು ಗಿಸ್ಟ್ ಗುರುತಿಸಿದ. 1964ರಲ್ಲಿ ವಾರಾಣಸಿಯ ಆರ್.ಎಲ್. ಸಿಂಗ್ ನಗರದ ಭೌಗೋಳಿಕ ಸಮೀಕ್ಷೆಯನ್ನೂ, 1979ರಲ್ಲಿ ವಿ.ಎಲ್.ಎಸ್. ಪ್ರಕಾಶ ರಾವ್ ಮತ್ತು ವಿ.ಕೆ. ತಿವಾರಿ ನಗರದ ರಚನೆಯ ಅಧ್ಯಯನವನ್ನೂ ಪ್ರಕಟಿಸಿದರು.

ಇವರೆಲ್ಲರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಈ ನಗರದಲ್ಲಿ ಯಾರು ಎಲ್ಲಿದ್ದಾರೆ, ಏಕೆ? ಆದರೆ ಯಾರ ಮನೆ ಸಕ್ರಮ, ಯಾರ ಮನೆ ಅಕ್ರಮ ಎಂಬ ಗೆರೆಯನ್ನು ಎಳೆಯುವವರು ಯಾರು ಎಂಬ ಪ್ರಶ್ನೆ ಮುಂದಿನ ತಲೆಮಾರಿನ ಸಂಶೋಧಕರಿಗೆ ಉಳಿಯಿತು.

ಸೈಟಿನ ರಾಜಕೀಯ

ಆ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಇತಿಹಾಸಕಾರ್ತಿ ಜಾನಕಿ ನಾಯರ್ ಪ್ರಮುಖರು. ಕೋಲಾರ ಗಣಿ ಮತ್ತು ಬೆಂಗಳೂರಿನ ಗಿರಣಿ ಕಾರ್ಮಿಕರ ಬಗ್ಗೆ ಮೊದಲು ಬರೆದ ಅವರು, 2005ರಲ್ಲಿ ಬೆಂಗಳೂರಿನ ಇಪ್ಪತ್ತನೆಯ ಶತಮಾನದ ಬಗ್ಗೆ ಪುಸ್ತಕ ಪ್ರಕಟಿಸಿದರು. ನಗರದಲ್ಲಿ ಕಾನೂನು ಮೀರಿದವರು ಬಡವರು ಮಾತ್ರ ಎಂಬ ನಂಬಿಕೆ ಆ ಪುಸ್ತಕವನ್ನು ಓದಿದ ಮೇಲೆ ಉಳಿಯುವುದು ಕಷ್ಟ.

1945ರಲ್ಲಿ ಬಂದ ನಗರ ಸುಧಾರಣಾ ವಿಶ್ವಸ್ತ ಮಂಡಳಿಯಾಗಲಿ, 1976ರ ಕಾಯ್ದೆಯ ಮೂಲಕ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಗಲಿ ಬೆಳೆಯುವ ಊರಿಗೆ ಬೇಕಾದಷ್ಟು ಸೈಟುಗಳನ್ನು ಕೊಡಲು ಎಂದೂ ಶಕ್ತವಾಗಲಿಲ್ಲ. 1981ರ ಹೊತ್ತಿಗೆ ನಗರದ ಜನಸಂಖ್ಯೆ 29 ಲಕ್ಷ ಮುಟ್ಟಿತ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಕೊನೆಗೆ ಕಂದಾಯ ಭೂಮಿಯ ಕಡೆ ತಿರುಗಿದರು. ರೈತನ ಹೊಲ ಭೂಪರಿವರ್ತನೆಯಾಗದೆ, ನಕ್ಷೆಗೆ ಮಂಜೂರಾತಿ ಇಲ್ಲದೆ ಮೂವತ್ತು ನಲವತ್ತರ ಸೈಟುಗಳಾಗಿ ಹಂಚಿಹೋಯಿತು. ಇವೇ ರೆವಿನ್ಯೂ ಲೇಔಟುಗಳು. ಶಾಲಾ ಮೇಷ್ಟ್ರು, ಬಸ್ ಕಂಡಕ್ಟರ್, ಸರ್ಕಾರಿ ನೌಕರ, ಸಣ್ಣ ವ್ಯಾಪಾರಿ ಎಲ್ಲರೂ ಅಲ್ಲಿ ಮನೆ ಕಟ್ಟಿಕೊಂಡರು. ಇಂದಿನ ಬೆಂಗಳೂರಿನ ಬಹಳಷ್ಟು ಭಾಗ ಹೀಗೆ ಬೆಳೆದದ್ದು.

ಗೃಹ ನಿರ್ಮಾಣ ಸಹಕಾರ ಸಂಘಗಳದು ಇನ್ನೊಂದು ಅಧ್ಯಾಯ. ಸರ್ಕಾರ 'ಸಾರ್ವಜನಿಕ ಉದ್ದೇಶ'ದ ಹೆಸರಿನಲ್ಲಿ ರೈತರಿಂದ ಭೂಮಿ ವಶಪಡಿಸಿಕೊಂಡು ಈ ಸಂಘಗಳಿಗೆ ಕೊಟ್ಟಿತು. 1980ರ ದಶಕದಲ್ಲಿ ಇವುಗಳ ಅವ್ಯವಹಾರ ಎಷ್ಟು ಬೆಳೆಯಿತೆಂದರೆ ಜಿ.ವಿ.ಕೆ. ರಾವ್ ಅವರಿಂದ ವಿಚಾರಣೆ ಮಾಡಿಸಬೇಕಾಯಿತು. 1995ರಲ್ಲಿ ಎಚ್.ಎಂ.ಟಿ. ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಧ್ಯವರ್ತಿಗಳ ಪ್ರಭಾವದಿಂದ ನಡೆದ ಇಂತಹ ಭೂಸ್ವಾಧೀನ ಸಾರ್ವಜನಿಕ ಉದ್ದೇಶವಾಗಲಾರದೆಂದು ಹೇಳಿ ಅದರ ರದ್ದತಿಯನ್ನು ಎತ್ತಿಹಿಡಿಯಿತು.

ಕೆರೆಗಳ ಕಥೆಯೂ ಹೀಗೆಯೇ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವಿದೆ. ಇವನ್ನು ಒತ್ತಿದವರು ಗುಡಿಸಲು ವಾಸಿಗಳಲ್ಲ.

ಮೇಲಿನ ಅಂತಸ್ತಿನ ಮಗ್ಗ

1990ರ ದಶಕದಲ್ಲಿ ಬೆಂಗಳೂರು ಎಂದರೆ ಸಾಫ್ಟ್‌ವೇರ್ ಎಂಬ ಮಾತು ಹುಟ್ಟಿತು. ಜೇಮ್ಸ್ ಹೈಟ್ಸ್‌ಮನ್ 2004ರಲ್ಲಿ ಪ್ರಕಟಿಸಿದ ಪುಸ್ತಕ, ಮಾಹಿತಿ ಸಮಾಜದ ಈ ಯೋಜನೆ ನಗರದಲ್ಲಿ ಹೇಗೆ ರೂಪುಗೊಂಡಿತೆಂದು ವಿವರಿಸುತ್ತದೆ. ಆದರೆ ಅದೇ ಹೊತ್ತಿಗೆ ಸಾಲೊಮನ್ ಬೆಂಜಮಿನ್ ಎಂಬ ಸಂಶೋಧಕರು ಬೇರೆ ಬೀದಿಗಳಲ್ಲಿ ನಡೆಯುತ್ತಿದ್ದರು. 2000ದಲ್ಲಿ ಪ್ರಕಟವಾದ ಅವರ ಪ್ರಬಂಧ, ಬೆಂಗಳೂರಿನಲ್ಲಿ ಎರಡು ಆರ್ಥಿಕತೆಗಳಿವೆ ಎನ್ನುತ್ತದೆ. ಒಂದು ದೊಡ್ಡ ಕಂಪನಿಗಳದು, ಇನ್ನೊಂದು ಸ್ಥಳೀಯ ದುಡಿಮೆಯದು. ಬಡವರಲ್ಲಿ ಬಹುಪಾಲು ಜನರ ಜೀವನ ನಡೆಯುವುದು ಎರಡನೆಯದರಿಂದ.

ಈ ಸ್ಥಳೀಯ ಆರ್ಥಿಕತೆ ಹೇಗೆ ಕೆಲಸ ಮಾಡುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಅದನ್ನು ನಾವು 'ಆರ್ಥಿಕತೆ' ಎಂದು ಕರೆದಿರಲಿಲ್ಲ. ಒಬ್ಬ ತನ್ನ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೊದಲು ಒಂದು ಕೋಣೆ ಕಟ್ಟುತ್ತಾನೆ. ಚೀಟಿ ಎತ್ತಿದಾಗ ಮೇಲೊಂದು ಅಂತಸ್ತು ಏರುತ್ತದೆ. ಅದನ್ನು ಭೋಗ್ಯಕ್ಕೆ ಕೊಟ್ಟರೆ ಒಟ್ಟಿಗೆ ಒಂದು ಮೊತ್ತ ಕೈಗೆ ಬರುತ್ತದೆ. ಭೋಗ್ಯದವರು ತಿಂಗಳ ಬಾಡಿಗೆ ಕೊಡಬೇಕಿಲ್ಲ, ಅವಧಿ ಮುಗಿದಾಗ ಅವರ ಹಣ ವಾಪಸು. ಆ ಮೊತ್ತದಿಂದ ಕೆಳಗೆ ಎರಡು ಪವರ್‌ಲೂಮ್ ಅಥವಾ ಒಂದು ಲೇತ್ ಯಂತ್ರ ಬರುತ್ತದೆ. ಪಕ್ಕದ ಮನೆಯ ಹೆಂಗಸರು ಅದೇ ಬೀದಿಯಲ್ಲಿ ಅಗರಬತ್ತಿ ಹೊಸೆಯುತ್ತಾರೆ, ಬೀಡಿ ಕಟ್ಟುತ್ತಾರೆ. ಬ್ಯಾಂಕು ಎಲ್ಲೂ ಕಾಣುವುದಿಲ್ಲ. ಬ್ಯಾಂಕು ಕೇಳುವ ಕಾಗದ ಇವರ ಹತ್ತಿರ ಇಲ್ಲ, ಇವರು ಕೊಡಬಲ್ಲ ನಂಬಿಕೆ ಬ್ಯಾಂಕಿಗೆ ಬೇಕಿಲ್ಲ. ಕಬ್ಬನ್‌ಪೇಟೆಯ ರೇಷ್ಮೆ ಮಗ್ಗಗಳು, ಕಲಾಸಿಪಾಳ್ಯದ ಬಿಡಿಭಾಗಗಳ ಅಂಗಡಿಗಳು, ಜಾಲಿ ಮೊಹಲ್ಲಾದ ಗುಜರಿ ವ್ಯಾಪಾರ ಇವೆಲ್ಲ ಈ ಬಗೆಯ ನಂಬಿಕೆಯ ಬಲದ ಮೇಲೆ ನಿಂತಂಥವು. ಇಲ್ಲಿ ಹಿಂದೂ ನೇಕಾರನೂ ಮುಸ್ಲಿಂ ಮೆಕ್ಯಾನಿಕನೂ ಒಂದೇ ಚೀಟಿಯಲ್ಲಿ ಇರುವುದುಂಟು.

ಇಂತಹ ಕೇರಿಗೆ ನಲ್ಲಿ, ದೀಪ, ಚರಂಡಿ ಬರುವುದು ಮಾಸ್ಟರ್ ಪ್ಲಾನಿನಿಂದಲ್ಲ, ವಾರ್ಡಿನ ಕಾರ್ಪೊರೇಟರನ ಮೂಲಕ. ಮತ ಬೇಕಾದವನು ಬಾಗಿಲಿಗೆ ಬರಲೇಬೇಕು. ಸುಶಿಕ್ಷಿತರು ಇದನ್ನು 'ಓಟ್ ಬ್ಯಾಂಕ್ ರಾಜಕೀಯ' ಎಂದು ಹಳಿಯುತ್ತಾರೆ. ಬಡವನಿಗೆ ನಗರದಲ್ಲಿ ನೆಲೆ ಒದಗಿಸಿದ ಬಾಗಿಲು ಅದೊಂದೇ ಎಂಬುದನ್ನು ಬೆಂಜಮಿನ್ ತೋರಿಸಿದರು. ಕಾಗದದ ಒಡೆತನಕ್ಕಿಂತ ಮೊದಲು ವಾಸ, ವಾಸದ ಜೊತೆಗೆ ದುಡಿಮೆ, ದುಡಿಮೆಯ ಬಲದಿಂದ ನಿಧಾನವಾಗಿ ಹಕ್ಕು ಎಂಬ ಈ ಕ್ರಮಕ್ಕೆ ಅವರು 2008ರ ಪ್ರಬಂಧದಲ್ಲಿ ಒಂದು ಸೈದ್ಧಾಂತಿಕ ರೂಪ ಕೊಟ್ಟರು. ಇದರಲ್ಲಿ ದಲ್ಲಾಳಿಗಳ ಕಾಟವಿಲ್ಲವೇ, ರೌಡಿಗಳ ಕೈವಾಡವಿಲ್ಲವೇ? ಇದೆ. ಬಾಡಿಗೆದಾರ ಯಾವಾಗಲೂ ಮಾಲಿಕನ ಕೆಳಗೇ ಇರುತ್ತಾನೆ ಎಂಬುದೂ ನಿಜ. ಆದರೆ ಯೋಜನೆಯ ಹೆಸರಿನಲ್ಲಿ ಇದನ್ನೆಲ್ಲ ಒರೆಸಿದರೆ ಬಡವನಿಗೆ ಅದಕ್ಕಿಂತ ಒಳ್ಳೆಯದೇನು ಸಿಗುತ್ತದೆ ಎಂಬ ಪ್ರಶ್ನೆಗೆ ಯೋಜಕರ ಬಳಿ ಉತ್ತರ ಕಡಿಮೆ.

ಉತ್ತರ ಕೊಡಬೇಕಾದವರು ಯಾರು?

ಇಲ್ಲಿ ಆಡಳಿತದ ಪ್ರಶ್ನೆ ಬರುತ್ತದೆ. ಬೆಂಗಳೂರಿನಲ್ಲಿ ನೀರು ಜಲಮಂಡಳಿಯ ಕೈಯಲ್ಲಿ, ಬಡಾವಣೆ ಬಿ.ಡಿ.ಎ. ಕೈಯಲ್ಲಿ, ಕೈಗಾರಿಕಾ ಭೂಮಿ ಕೆ.ಐ.ಎ.ಡಿ.ಬಿ. ಕೈಯಲ್ಲಿ, ಕೊಳಚೆ ಪ್ರದೇಶಗಳು ಇನ್ನೊಂದು ಮಂಡಳಿಯ ಕೈಯಲ್ಲಿವೆ. ಇವು ಯಾವುವೂ ನಗರದ ಮತದಾರನಿಗೆ ನೇರವಾಗಿ ಉತ್ತರ ಹೇಳಬೇಕಾದ ಸಂಸ್ಥೆಗಳಲ್ಲ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ನೇತೃತ್ವದಲ್ಲಿ ಹೊರಬಂದ 'ರಿಪೋರ್ಟ್ ಕಾರ್ಡ್' ನಗರದ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿದಾಗ ಬಿ.ಡಿ.ಎ.ಗೆ ಬಂದ ಅಂಕ ತೀರಾ ಕಳಪೆಯಾಗಿತ್ತು.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರಗಳ ಚುನಾಯಿತ ಸಂಸ್ಥೆಗಳಿಗೆ ಬಲ ಕೊಡುವ ಮಾತಾಡಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿ.ಬಿ.ಎಂ.ಪಿ. ರಚಿಸಲಾಯಿತು. ಅಂಚಿನ ಜನ ಪಾಲಿಕೆಯ ಮತದಾರರಾದರು, ನೀರು ಮಾತ್ರ ಬೇಗ ಬರಲಿಲ್ಲ. ಮಾಲಿನಿ ರಂಗನಾಥನ್ ಈ ಅಂಚಿನ ಬಡಾವಣೆಗಳಲ್ಲಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪೈಪು ಬರುವ ಮೊದಲೇ ಜನ ಅದಕ್ಕೆ ಹಣ ಕಟ್ಟಿದ್ದೇಕೆ ಎಂದು ಅವರು ಕೇಳುತ್ತಾರೆ. ನೀರು ಬೇಕಿತ್ತು, ನಿಜ. ಅದರ ಜೊತೆಗೆ ಕೈಯಲ್ಲೊಂದು ರಸೀದಿ ಬೇಕಿತ್ತು. ಖಾತೆಯ ಬಗ್ಗೆ ಅನುಮಾನವಿರುವ ಮನೆಯವನಿಗೆ ಸರ್ಕಾರದ ಪ್ರತಿ ರಸೀದಿಯೂ 'ನಾನು ಇಲ್ಲಿಯವನು' ಎಂಬುದಕ್ಕೆ ಸಾಕ್ಷಿ.

2020ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಬಿ.ಬಿ.ಎಂ.ಪಿ.ಯ ಜಾಗದಲ್ಲಿ ಐದು ಪಾಲಿಕೆಗಳಾದವು. 2011ರ ಗಣತಿಯಲ್ಲೇ 84 ಲಕ್ಷ ಜನರಿದ್ದ ನಗರ ಇಷ್ಟು ಕಾಲ ಕಾರ್ಪೊರೇಟರ್ ಇಲ್ಲದೆ ಬದುಕಿತು. ಶ್ರೀಮಂತರಿಗೆ ಇದರ ಕೊರತೆ ಅಷ್ಟಾಗಿ ತಟ್ಟಲಿಲ್ಲ. ಬಾಗಿಲು ತಟ್ಟುವ ಮತಯಾಚಕನನ್ನು ನಂಬಿದ್ದ ಕೇರಿಗಳಿಗೆ ತಟ್ಟಿತು.

ಗೋಡೆಗಳು

ವಸತಿಯ ಪ್ರಶ್ನೆಯಲ್ಲಿ ಹಣ, ಕಾಗದಗಳಾಚೆ ಇನ್ನೊಂದು ಗೋಡೆಯಿದೆ. ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದು, ಮನೆ ಕೊಳ್ಳುವುದು ಕಷ್ಟವಾಗುತ್ತಿರುವುದನ್ನು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿತು. ದಲಿತರ ಅನುಭವ ಇದಕ್ಕಿಂತ ಹಳೆಯದು. ಬೆಂಗಳೂರಿನ ಐ.ಐ.ಎಂ.ನಿಂದ 2018ರಲ್ಲಿ ಹೊರಬಂದ ನವೀನ್ ಭಾರತಿ, ದೀಪಕ್ ಮಲಘಾಣ ಮತ್ತು ಅಂದಲೀಬ್ ರಹಮಾನ್ ಅವರ ಅಧ್ಯಯನ ಮಹಾನಗರಗಳಲ್ಲಿನ ಜಾತಿವಾರು ವಾಸವನ್ನು ಸೂಕ್ಷ್ಮವಾಗಿ ಪರಿಶೀಲಿಸಿತು. ವಾರ್ಡಿನ ಒಟ್ಟು ಅಂಕಿ ಅಂಶ ನೋಡಿದರೆ ಎಲ್ಲರೂ ಬೆರೆತು ಬಾಳುತ್ತಿರುವಂತೆ ಕಾಣುತ್ತದೆ. ಅದೇ ವಾರ್ಡನ್ನು ಬೀದಿ ಬೀದಿಯಾಗಿ, ಸಣ್ಣ ಗಣತಿ ಘಟಕಗಳಾಗಿ ಬಿಡಿಸಿದರೆ ಬೇರ್ಪಡಿಕೆ ಎದ್ದು ಕಾಣುತ್ತದೆ. ನೂರು ವರ್ಷಗಳ ಹಿಂದೆ ಬಡಾವಣೆಯ ನಕ್ಷೆಯಲ್ಲಿದ್ದ ಗೆರೆ ಈಗ ನಕ್ಷೆಯಲ್ಲಿಲ್ಲ, ಬೀದಿಯಲ್ಲಿದೆ.

ಕೊಳಚೆ ಪ್ರದೇಶಗಳ ಸುಧಾರಣೆ ಮತ್ತು ನಿರ್ಮೂಲನ ಕಾಯ್ದೆ ಕರ್ನಾಟಕದಲ್ಲಿ 1973ರಲ್ಲಿ ಬಂತು. 'ಘೋಷಿತ'ವಾದ ಕೇರಿಗೆ ಒಂದಿಷ್ಟು ರಕ್ಷಣೆ, ಘೋಷಣೆಯಾಗದ ಕೇರಿಗೆ ಅದೂ ಇಲ್ಲ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಸಮುಚ್ಚಯದ ಜಾಗದಿಂದ ಸುಮಾರು 1,500 ಕುಟುಂಬಗಳನ್ನು ತೆರವುಗೊಳಿಸಲಾಯಿತು. ಅದು ಒತ್ತುವರಿಯ ಜಾಗವಾಗಿರಲಿಲ್ಲ. ಬಡವರಿಗೆಂದೇ ಸರ್ಕಾರಿ ವ್ಯವಸ್ಥೆ ಕಟ್ಟಿಸಿದ್ದ ಮನೆಗಳು ಒಂದೆರಡು ದಶಕದೊಳಗೇ ಕುಸಿದು, ಜನ ತಗಡಿನ ಶೆಡ್ಡುಗಳಲ್ಲಿದ್ದರು. ಆ ಜಾಗದ ಒಂದು ಭಾಗ ವಾಣಿಜ್ಯ ಕಟ್ಟಡಕ್ಕೆ ಹೋಗುವ ಒಪ್ಪಂದವಾಗಿತ್ತು. ಮನೆ ಹೋದವರಲ್ಲಿ ಹಲವರು ಸುತ್ತಲಿನ ಬಡಾವಣೆಗಳಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಂಗಸರು. ಮನೆಯೊಂದಿಗೆ ನಡೆದು ಹೋಗುವಷ್ಟು ಹತ್ತಿರವಿದ್ದ ಕೆಲಸವೂ ಹೋಯಿತು.

ಇದರ ಪಕ್ಕದಲ್ಲಿ ಅಕ್ರಮ ಸಕ್ರಮವನ್ನು ಇಟ್ಟು ನೋಡಬೇಕು. ನಿಯಮ ಮೀರಿ ಕಟ್ಟಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು 2007ರಲ್ಲಿ ಕಾನೂನು ತಿದ್ದಲಾಯಿತು, 2014ರಲ್ಲಿ ನಿಯಮಗಳು ಬಂದವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆ ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಸೈಟಿನವನ ಅಕ್ರಮಕ್ಕೆ ಸರ್ಕಾರ ದಂಡ ಕಟ್ಟುವ ದಾರಿ ಹುಡುಕಿತು, ಶೆಡ್ಡಿನವನಿಗೆ ಬುಲ್ಡೋಜರ್ ಕಳಿಸಿತು ಎಂಬುದಷ್ಟೇ ಇಲ್ಲಿ ನಾವು ಗಮನಿಸಬೇಕಾದ ಸಂಗತಿ.

ನಾವು ಮಾಡಬಹುದಾದದ್ದು

ಈ ಸಂಶೋಧಕರೆಲ್ಲ ಒಂದೇ ಅಭಿಪ್ರಾಯದವರಲ್ಲ. ಬೆಂಜಮಿನ್ ಬಡವರ ರಾಜಕೀಯದ ಬಗ್ಗೆ ಅತಿ ಆಶಾವಾದಿ ಎನ್ನುವವರಿದ್ದಾರೆ. ವಾಸದ ಬೀದಿಗೆ ವ್ಯಾಪಾರ ಬಂದರೆ ಗದ್ದಲ, ಮಾಲಿನ್ಯ ಹೆಚ್ಚುತ್ತದೆ ಎಂಬ ನಿವಾಸಿಗಳ ದೂರಿನಲ್ಲೂ ಹುರುಳಿದೆ. ಆದರೆ ಒಂದು ಮಾತನ್ನು ಈ ಅಧ್ಯಯನಗಳಿಂದ ನಿಸ್ಸಂಶಯವಾಗಿ ಕಲಿಯಬಹುದು. ಮನೆಯೊಂದನ್ನು ಕೆಡವುವಾಗ ಅದರೊಳಗಿನ ದುಡಿಮೆಯನ್ನು, ಅದು ಕಟ್ಟಿಕೊಂಡಿದ್ದ ಸಾಲ, ನಂಬಿಕೆ, ನೆರೆಹೊರೆಯನ್ನು ನಮ್ಮ ಆಡಳಿತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಾಚೆ ಬದಲಿ ಮನೆ ಕೊಟ್ಟರೂ ಈ ನಷ್ಟ ತುಂಬುವುದಿಲ್ಲ.

ಲೆಕ್ಕಕ್ಕೆ ಹಿಡಿಯಬೇಕಾದರೆ ದಾಖಲೆ ಬೇಕು. ನಮ್ಮ ಮೊಹಲ್ಲಾಗಳಲ್ಲಿ, ಪೇಟೆಗಳಲ್ಲಿ ಆ ದಾಖಲೆಗಳು ಇವೆ. ಮಸೀದಿ, ದೇವಸ್ಥಾನ ಸಮಿತಿಗಳ ಹಳೆಯ ಲೆಕ್ಕದ ಪುಸ್ತಕಗಳು, ವಕ್ಫ್ ಪತ್ರಗಳು, ಚೀಟಿ ಪುಸ್ತಕಗಳು, ಭೋಗ್ಯದ ಕರಾರುಗಳು, ಕಂದಾಯ ಕಟ್ಟಿದ ರಸೀದಿಗಳು, ಮಗ್ಗಕ್ಕೆ ತೆಗೆದುಕೊಂಡ ಲೈಸೆನ್ಸುಗಳು. ಪ್ರತಿ ಮನೆ ಬದಲಾವಣೆಯಲ್ಲಿ, ಪ್ರತಿ ಮಳೆಗಾಲದಲ್ಲಿ ಇವು ಗುಜರಿಗೆ ಹೋಗುತ್ತಿವೆ. ನಮ್ಮ ಕಾಲೇಜುಗಳ ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ಬೀದಿಯಿಂದಲೇ ಶುರುಮಾಡಿ ಇವನ್ನು ಕೂಡಿಸಬಹುದು, ಅಜ್ಜ ಅಜ್ಜಿಯರ ನೆನಪುಗಳನ್ನು ಕನ್ನಡದಲ್ಲೋ ಉರ್ದುವಿನಲ್ಲೋ ತಮಿಳಿನಲ್ಲೋ ಬರೆದಿಡಬಹುದು. ತೆರವಿನ ನೋಟಿಸು ಬಂದ ದಿನ 'ನೀವು ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಏನು ಮಾಡಿಕೊಂಡಿದ್ದೀರಿ' ಎಂದು ಕೇಳುವ ಅಧಿಕಾರಿಯ ಮೇಜಿನ ಮೇಲೆ ಇಡಲು ಆ ಬೀದಿಯ ಜನರ ಕೈಯಲ್ಲಿ ಅಷ್ಟಾದರೂ ಇರಬೇಕು.